ಕೂರಿಸಿದ ಕೈ

ಅವಳು ತಿರುವಿದ ಹಲ್ಲುಚಕ್ರ ಸರಿಯಾಗಿ ಕೂತಿತ್ತು. ಅದೇ ಅವಳಿಗೆ ಸಂಕಟವಾಗಿತ್ತು. ಕೂದಲೆಳೆಯಷ್ಟು ಓಲಾಡಿದ್ದರೂ ಮತ್ತೆ ಬಿಚ್ಚಿ ಲೇತಿಗೆ ಒಯ್ಯಬಹುದಿತ್ತು, ಆ ನೆಪದಲ್ಲಿ ಇನ್ನೂ ಸ್ವಲ್ಪ ಹೊತ್ತು ಅದು ಅವಳದಾಗಿಯೇ ಉಳಿಯುತ್ತಿತ್ತು. ವ್ಯಾನಿನ ಮುಂದೆ ಮಂಡಿಯೂರಿ, ಒಂದು ಕೈಯ ಸ್ಪ್ಯಾನರಿನಿಂದ ಕ್ರ್ಯಾಂಕಿನ ಪುಲ್ಲಿಯನ್ನು ಮೆಲ್ಲಗೆ ತಿರುಗಿಸುತ್ತ, ಇನ್ನೊಂದು ಕೈಯ ಉಗುರನ್ನು ಹಲ್ಲುಗಳ ಮೇಲೆ ಹಗುರಾಗಿ ಇಟ್ಟಿದ್ದಳು. ಟಿಕ್, ಟಿಕ್, ಟಿಕ್ ಎಂದು ಒಂದೇ ಸಮನೆ ಹಾಯುತ್ತ ಬಂದ ಹಲ್ಲುಗಳ ನಡುವೆ ಉಗುರು ಒಮ್ಮೆ ಖಾಲಿಗೆ ಇಳಿಯಿತು. ಮೂವತ್ತಾರು ಹಲ್ಲಿರಬೇಕಾದ ಚಕ್ರದಲ್ಲಿ ಒಂದನ್ನು ಬೇಕೆಂದೇ ಕತ್ತರಿಸಿ ತೆಗೆಯುತ್ತಾರೆ. ಪಕ್ಕದಲ್ಲಿ ಹೆಬ್ಬೆರಳಿನಷ್ಟೇ ಗಾತ್ರದ ಸೆನ್ಸರ್ ಕೂತು ಹಾಯುವ ಹಲ್ಲುಗಳನ್ನು ಎಣಿಸುತ್ತದೆ. ಇಲ್ಲದ ಹಲ್ಲಿನ ಜಾಗ ಬಂದ ಕೂಡಲೇ ಪಿಸ್ಟನ್ ಎಲ್ಲಿದೆ ಎಂಬುದು ಎಂಜಿನ್ನಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ತಿಳಿಯುತ್ತದೆ, ಪೆಟ್ಟಿಗೆ ಕಿಡಿ ಹಾರಿಸುತ್ತದೆ. ಇಷ್ಟು ವರ್ಷ ಆ ಕೆಲಸ ಮಾಡಿದ ಡಿಸ್ಟ್ರಿಬ್ಯೂಟರು ಸವೆದು, ಎಣ್ಣೆ ಕುಡಿದು, ಬೆಂಚಿನ ಮೇಲೆ ಬಾಯಿ ತೆರೆದು ಬಿದ್ದಿತ್ತು. ಇರುವ ಹಲ್ಲುಗಳೆಲ್ಲ ಬರೀ ಲೆಕ್ಕಕ್ಕೆ, ಗುರುತು ಮಾತ್ರ ಇಲ್ಲದ ಹಲ್ಲಿನದು ಎಂದು ಮೊದಲ ಬಾರಿ ಹೊಳೆದಾಗ ಅವಳಿಗೆ ಎಂಥದೋ ಖುಷಿಯಾಗಿತ್ತು. ಆ ಖುಷಿಯ ಬೆನ್ನಲ್ಲೇ ಸಿಟ್ಟು ಬಂದಿತ್ತು. ಇಲ್ಲದ್ದರಿಂದಲೇ ಎಲ್ಲ ನಡೆಯುವುದು ಎಂಬ ಮಾತು, ಇಲ್ಲದವರಿಗೆ ಇರುವವರು ಹೇಳಿ ಸಮಾಧಾನ ಮಾಡಲು ಬಹಳ ಚೆಂದ.

"ಆಯ್ತೇನಮ್ಮ?" ಬಾಗಿಲ ಕಡೆಯಿಂದ ಭಾವ ಕೇಳಿದರು. ಗಂಡನ ಅಣ್ಣ, ಈ ಶೆಡ್ಡಿನ ಯಜಮಾನ. "ವ್ಯಾನ್ ತಗೊಂಡು ಹೋಗೋಕೆ ಬ್ರೆಡ್ಡಿನವರು ಬರೋ ಹೊತ್ತಾಯ್ತು."

"ಸೆನ್ಸರಿನ ಸಂದು ಒಂದು ನೋಡ್ಬೇಕು, ಭಾವ."

"ನೋಡು, ನೋಡು. ಆಮೇಲೆ ಆ ಒಂಬತ್ತು ಹಲ್ಲಿನ ಲೆಕ್ಕ ನಂಗೆ ಇನ್ನೊಂದ್ಸಲ ಹೇಳಿಬಿಡು. ಅವರು ಕೇಳಿದ್ರೆ ನಾನು ತಡವರಿಸಬಾರದು ನೋಡು."

ಆ ಮಾತಿನಲ್ಲಿ ನಾಚಿಕೆಯೂ ಇರಲಿಲ್ಲ, ಕಪಟವೂ ಇರಲಿಲ್ಲ. ಅಂಗಳದ ಬಾವಿಯಿಂದ ನೀರು ಸೇದಿದವರು ಯಾರಾದರೂ ನೀರು ಮನೆಯದೇ ಅಲ್ಲವೇ, ಅಂಥ ಸಹಜತೆ. ಅವಳಿಗೆ ಜ್ವರ ಬಂದು ಆಸ್ಪತ್ರೆ ಸೇರಿದ್ದಾಗ ಊಟ ಬಿಟ್ಟು ಹೊರಗಿನ ಬೆಂಚಿನಲ್ಲಿ ಕೂತಿದ್ದವರು ಇದೇ ಭಾವ. ಅವರನ್ನು ದ್ವೇಷಿಸುವುದು ಸುಲಭವಾಗಿದ್ದರೆ ಅವಳು ಎಂದೋ ದ್ವೇಷಿಸಿ ಹಗುರಾಗುತ್ತಿದ್ದಳು. ಹ್ಯಾಕ್ಸಾ ಬ್ಲೇಡೊಂದನ್ನು ಸೆನ್ಸರಿನ ಮೂತಿಗೂ ಹಲ್ಲಿಗೂ ನಡುವೆ ತೂರಿಸಿ ಎಳೆದಳು. ತುಸು ಹಿಡಿದು, ಬಿಟ್ಟಿತು. ಹಾಗೆಯೇ ಇರಬೇಕು. ಬೋಲ್ಟು ಬಿಗಿ ಮಾಡುತ್ತ, ತಲೆಯೆತ್ತದೆ ಹೇಳಿದಳು: "ಒಂದನೇ ಪಿಸ್ಟನ್ ಮೇಲ್ತುದೀಲಿ ನಿಂತಾಗ, ಇಲ್ಲದ ಹಲ್ಲು ಸೆನ್ಸರನ್ನ ದಾಟಿ ಒಂಬತ್ತು ಹಲ್ಲಿನಷ್ಟು ಮುಂದೆ ಹೋಗಿರಬೇಕು. ಅಂದ್ರೆ ಕಾಲು ಸುತ್ತು. ಅಷ್ಟೇ."

"ದಾಟಿ, ಕಾಲು ಸುತ್ತು," ಭಾವ ಪಾಠ ಒಪ್ಪಿಸುವವರಂತೆ ಗೊಣಗಿಕೊಂಡು, ಸೋಪು ಹಚ್ಚಿ ಕೈ ತೊಳೆಯಲು ನಲ್ಲಿಯ ಕಡೆ ಹೋದರು. ಬೆಳಗ್ಗೆಯಿಂದ ಅವರ ಕೈಗೆ ಏನೂ ಹತ್ತಿರಲಿಲ್ಲ.

ಆ ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು, ಮಾವ ಬದುಕಿದ್ದಾಗ ಮಾಡಿಟ್ಟದ್ದು. ಯಾವ ಎಂಜಿನ್ ಆದರೂ ಸರಿ, ಕೂರಿಸಿದ ಕೈಯೇ ಮೊದಲ ಸಲ ಕೀಲಿ ತಿರುಗಿಸಬೇಕು. ಅಲ್ಲಿಯವರೆಗೆ ಬೇರೆ ಯಾರೂ ಆ ಸೀಟಿನಲ್ಲಿ ಕೂರುವಂತಿಲ್ಲ, ಗಾಡಿಯ ಒಡೆಯ ಕೂಡ. "ಹೊಗಳಿಕೆ ಬಂದ್ರೂ ಅವನಿಗೇ, ಉಗಿತ ಬಿದ್ರೂ ಅವನಿಗೇ," ಎನ್ನುತ್ತಿದ್ದರು ಮಾವ. ಲೇತಿನವನು ಕೆಲಸ ಬಿಟ್ಟು ಹೋದಾಗ, ಸಾಣೆ ಹಿಡಿದ ಉಳಿಯನ್ನು ಅವಳ ಕೈಗೆ ಕೊಟ್ಟು, "ಹೆದರಬೇಡ, ಕಬ್ಬಿಣಕ್ಕೆ ಹೆಣ್ಣು ಗಂಡು ತಿಳಿಯೋದಿಲ್ಲ" ಎಂದವರೂ ಅವರೇ. ಮೊದಲ ಸಲ ಅವಳು ಒಂದು ಪಂಪ್‌ಸೆಟ್ಟಿನ ಕ್ರ್ಯಾಂಕು ತಿರುವಿ ಕೂರಿಸಿದ ದಿನ ಕೈ ಒರೆಸಿಕೊಂಡು ಹ್ಯಾಂಡಲ್ ಹಿಡಿದು ನಿಂತಿದ್ದಳು. ಹೊರಗಿನವರು ನಾಲ್ಕು ಜನ ನಿಂತಿದ್ದರು. ಮಾವ ಅವಳ ಮುಂದೆ ಹಾದು, ಅವಳ ಕೈಯಿಂದ ಹ್ಯಾಂಡಲ್ ತೆಗೆದುಕೊಂಡು, ಕಿವಿಯಲ್ಲಿ ಹೇಳುವಷ್ಟು ಮೆಲ್ಲಗೆ, "ನಿನ್ನ ಪರವಾಗಿ ನಾನು" ಎಂದರು. ಕಬ್ಬಿಣಕ್ಕೆ ತಿಳಿಯದಿದ್ದದ್ದು ಮನುಷ್ಯರಿಗೆ ತಿಳಿಯುತ್ತಿತ್ತು. ಆವತ್ತಿನಿಂದ ಅವಳ ಪರವಾಗಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಮಾವ ತೀರಿಕೊಂಡ ಮೇಲೆ ಭಾವ. ಕಟ್ಟಳೆ ಎಂದೂ ಮುರಿಯಲಿಲ್ಲ. ಎಷ್ಟು ಎಂಜಿನ್ ಓಡಿದರೂ ಅವಳ ಕೈ ಕೂರಿಸಿದ ಕೈ ಆಗಲಿಲ್ಲ, ಅಷ್ಟೆ. ಈ ಸಲ ಅವಳು ಗಂಡನಿಗೆ ಹೇಳಿದ್ದಳು. ಅನ್ನ ಬಡಿಸುತ್ತ, ಬೇರೇನೋ ಹೇಳುವವಳಂತೆ: "ಆ ವ್ಯಾನಿನ ಕೀಲಿ ನಾನು ತಿರುಗಿಸ್ತೀನಿ ಅಂತ ಅಣ್ಣನಿಗೆ ಒಂದು ಮಾತು ಹೇಳ್ರಿ." ಅವನು ತುತ್ತು ನುಂಗಿ, "ಹೇಳೋಣಂತೆ" ಎಂದ. ಅವನ ಬಾಯಲ್ಲಿ ಬೆಂದು ಕರಗಿಹೋಗದ ಮಾತೇ ಇರಲಿಲ್ಲ. ಒಳ್ಳೆಯವನು, ನಗಿಸುವವನು, ವೆಲ್ಡಿಂಗಿನ ಕಪ್ಪು ಗಾಜಿನ ಹಿಂದೆ ಇಡೀ ದಿನ ಮುಖ ಮುಚ್ಚಿಕೊಂಡು ಕೂರಬಲ್ಲವನು.

ಬ್ರೆಡ್ಡಿನವರು ಬಂದಾಗ ಅವಳು ಲೇತಿನ ಮೂಲೆಗೆ ಸರಿದಿದ್ದಳು. ಯಾರೂ ಸರಿದುಕೋ ಎಂದಿರಲಿಲ್ಲ, ಕಾಲಿಗೇ ಅಭ್ಯಾಸವಾಗಿತ್ತು. ಬೀದಿ ಬೀದಿಗೆ ಬ್ರೆಡ್ಡು ಹಾಕುವ ಅವರು ದಪ್ಪನೆಯ, ಮಾತಿನ ಮನುಷ್ಯ. ಬಟ್ಟೆಯೆಲ್ಲ ಬೆಂದ ಹಿಟ್ಟಿನ ವಾಸನೆ. ಬಗ್ಗಿ ಚಕ್ರ ನೋಡಿ ಹುಬ್ಬೇರಿಸಿದರು.

"ಏನ್ ಸ್ವಾಮಿ, ಒಂದು ಹಲ್ಲೇ ಬಿದ್ದೋಗಿದೆ? ಹಳೇ ಮಾಲು ಹಾಕಿದ್ರಾ ನಂಗೆ?"

"ಬಿದ್ದಿರೋದಲ್ಲ ಯಜಮಾನ್ರೇ, ತೆಗೆದಿರೋದು. ಅದೇ ಇದರ ಕಣ್ಣು."

"ನನ್ನ ಹೆಂಡತಿಗೆ ಹೇಳ್ತೀನಿ ಇರಿ. ಮುಂದಿನ ಹಲ್ಲು ಬಿದ್ದಾಗಿಂದ ನಂಗೆ ಕಣ್ಣು ಕಾಣಿಸೋದಿಲ್ಲ ಅಂತ ಬೈತಾಳೆ." ತಮ್ಮ ಹಾಸ್ಯಕ್ಕೆ ತಾವೇ ಮೊದಲು ನಕ್ಕು, ಮೂಲೆಯ ಕಡೆ ನೋಡಿದರು. "ಅಮ್ಮ, ಒಂದು ಲೋಟ ನೀರು ಸಿಗಬಹುದಾ?"

ಅವಳು ನೀರು ತಂದಳು. ಲೋಟದ ಮೇಲೆ ಅವಳ ಐದು ಬೆರಳೂ ಕಪ್ಪಗೆ ಅಚ್ಚೊತ್ತಿದ್ದವು. ಅಚ್ಚಿನ ಗೆರೆಗಳನ್ನು ಎಣಿಸಬಹುದಾಗಿತ್ತು. ಬ್ರೆಡ್ಡಿನವರು ಅದನ್ನು ನೋಡಿ, ನಿಜವಾದ ಕನಿಕರದಿಂದ, "ಪಾಪ, ಪಾತ್ರೆ ತಿಕ್ತಾ ಇದ್ರೇನೋ, ನಡುವೆ ಎಬ್ಬಿಸಿಬಿಟ್ಟೆ" ಎಂದರು. ಅವಳು ಗಂಡನ ಕಡೆ ನೋಡಿದಳು. ಅವನು ಕಾರ್ಬುರೇಟರಿನ ಮೇಲಿನ ಏರ್ ಫಿಲ್ಟರ್ ಬಿಚ್ಚುವುದರಲ್ಲಿ ಮಗ್ನನಾಗಿದ್ದ. ಅಷ್ಟು ಮಗ್ನತೆಯನ್ನು ಬೇಡುವ ಕೆಲಸ ಅದಾಗಿರಲಿಲ್ಲ. ಭಾವ ಕೆಮ್ಮಿದರು. "ಹೂಂ, ಮನೆಕೆಲಸ, ಮುಗಿಯೋದಿದೆಯೇ," ಎಂದರು. ಗ್ರೀಸು, ಕಬ್ಬಿಣದ ಪುಡಿ, ಉಳಿಯ ತುದಿಯಿಂದ ಸುರುಳಿಯಾಗಿ ಬಂದ ಹೊಳೆವ ಸಿಪ್ಪೆ ಕೊಯ್ದ ಗಾಯ, ಬೆರಳು ಒತ್ತಿದರೆ ಕೂರಬೇಕು, ಬಿಟ್ಟರೆ ಬೀಳಬಾರದು ಎಂಬಂತೆ ತಿರುವಿದ ಚಕ್ರದ ಉಂಗುರ, ಎಲ್ಲ ಒಂದೇ ಕೆಮ್ಮಿನಲ್ಲಿ ಬಾಣಲೆಯ ತಳಕ್ಕೆ ಹೋದವು. ಅವಳು ಲೋಟ ಕೊಟ್ಟು ಅಲ್ಲೇ ನಿಂತಳು. ಮೂಲೆಗೆ ಹೋಗಲಿಲ್ಲ. ಅಷ್ಟು ಮಾತ್ರ ಅವಳಿಂದಾಯಿತು.

ಭಾವ ಪಾಠ ಶುರು ಮಾಡಿದ್ದರು. ಚೆನ್ನಾಗಿಯೇ ಹೇಳುತ್ತಿದ್ದರು, ಅವಳಿಗಿಂತ ಚೆನ್ನಾಗಿ. ಅವಳ ಬಾಯಲ್ಲಿ ಒಣಗಿದ್ದ ಮಾತು ಅವರ ಬಾಯಲ್ಲಿ ಮೈತುಂಬಿಕೊಂಡಿತ್ತು. "ಈಗ ನೋಡಿ, ಮುಂದುಗಡೆಯಿಂದ ನೋಡಿದ್ರೆ ಎಂಜಿನ್ ಹೀಗೆ ತಿರುಗುತ್ತೆ," ಎಂದು ಗಾಳಿಯಲ್ಲಿ ಬೆರಳಿನಿಂದ ಒಂದು ದೊಡ್ಡ ಸೊನ್ನೆ ಬರೆದರು, ಗಡಿಯಾರದ ಮುಳ್ಳು ಹೋಗುವ ಹಾಗೆ, ಎಡದಿಂದ ಮೇಲೆ ಹತ್ತಿಸಿ ಬಲಕ್ಕೆ ಇಳಿಸಿ. ಆ ಬೆರಳು ಇಳಿದ ಕಡೆ ನೋಡುತ್ತಿದ್ದ ಅವಳ ಮಣಿಕಟ್ಟು ತನ್ನಷ್ಟಕ್ಕೆ ಅತ್ತ ವಾಲಲು ಒಪ್ಪಲಿಲ್ಲ. ಎಡಕ್ಕೆ ವಾಲಿತು. ಲೇತಿನಲ್ಲಿ ಅವಳ ಚಕ್ರ ತಿರುಗುವುದು ಇದಕ್ಕೆ ವಿರುದ್ಧ. ಕಬ್ಬಿಣ ಕಚ್ಚಿ ಹಿಡಿಯುವ ಚಕ್ಕಿನಲ್ಲಿ ಅದರ ನೆತ್ತಿ ಯಾವಾಗಲೂ ಕೆಲಸಗಾರನ ಕಡೆಗೇ ಉರುಳಿ ಬರುತ್ತದೆ. ಇಷ್ಟು ವರ್ಷ ಎಲ್ಲ ಕಬ್ಬಿಣವೂ ಅವಳ ಕಡೆಗೇ ಉರುಳಿ ಬಂದಿತ್ತು. ಉಂಗುರವನ್ನು ಚಕ್ಕಿನಿಂದ ತೆಗೆಯುವ ಮೊದಲೇ ಅದರ ಮೇಲೆ ಸೆನ್ಸರಿನ ಜಾಗಕ್ಕೊಂದು ಗೆರೆ ಎಳೆದಿದ್ದಳು. ಅಲ್ಲಿಂದ ಒಂಬತ್ತು ಹಲ್ಲು 'ಮುಂದೆ' ಎಣಿಸಿ, ಇಲ್ಲದ ಹಲ್ಲನ್ನು ಇಟ್ಟಿದ್ದಳು. ಲೇತಿಗೆ ಮುಂದೆ. ಎಂಜಿನ್ನಿಗೆ ಅದು ಹಿಂದೆ. ದಾಟಿ ಹೋಗಿರಬೇಕಾದದ್ದು ಇನ್ನೂ ಬರಬೇಕಾಗಿತ್ತು. ಬೆಳಗ್ಗೆಯಿಂದ ತನ್ನ ಕೈಯಿಂದಲೇ ಪುಲ್ಲಿ ತಿರುಗಿಸಿದ್ದಳು. ಓಲಾಟ ನೋಡಿದಳು, ಸಂದು ನೋಡಿದಳು, ದಿಕ್ಕು ನೋಡಲಿಲ್ಲ. ಈಗ ಕೀಲಿ ತಿರುಗಿದರೆ ಕಿಡಿ ಅರ್ಧ ಸುತ್ತು ತಪ್ಪಿ ಹಾರುತ್ತದೆ, ಪೆಟ್ರೋಲು ಎಳೆದುಕೊಳ್ಳುವ ಬಾಯಿ ಇನ್ನೂ ಮುಚ್ಚದ ಸಿಲಿಂಡರಿನಲ್ಲಿ. ಬೆಂಕಿ ಬಂದ ದಾರಿಯಲ್ಲೇ ವಾಪಸು ಬರುತ್ತದೆ.

ಭಾವ ಸೀಟು ಹತ್ತಿದರು. "ನೋಡಿ ಯಜಮಾನ್ರೇ, ನಮ್ಮಲ್ಲಿ ಒಂದು ಕಟ್ಟಳೆ. ಕೂರಿಸಿದ ಕೈಯೇ ಕೀಲಿ ತಿರುಗಿಸ್ಬೇಕು."

ಹೇಳಬೇಕು ಎಂದು ಅವಳಿಗೆ ಅನ್ನಿಸಿತು. ಭಾವ, ನಿಲ್ಲಿ. ಎರಡೇ ಮಾತು. ಆ ಎರಡು ಮಾತು ನಾಲಿಗೆಯ ಮೇಲೆ ಬಂದು ಕೂತವು, ಅವುಗಳ ರುಚಿ ಕೂಡ ತಿಳಿಯಿತು, ಪಿನ್ನು ಕಚ್ಚಿಕೊಂಡ ಹಾಗೆ. ಹೇಳಿದರೆ ಭಾವ ಇಳಿದು ಬರುತ್ತಾರೆ. 'ಹೌದಲ್ಲ, ನಾನೂ ಅದನ್ನೇ ಯೋಚಿಸ್ತಿದ್ದೆ' ಎನ್ನುತ್ತಾರೆ. ಅವಳ ತಪ್ಪು ಕೂಡ ಅವರ ಜಾಣತನವಾಗಿಬಿಡುತ್ತದೆ. ಇಲ್ಲವೇ ನಗುತ್ತಾರೆ. ಹೇಳದಿದ್ದರೆ? ಹೇಳದಿದ್ದರೆ ಡಬ್ ಎನ್ನುತ್ತದೆ, ಅವರ ಕೈಯಲ್ಲಿ, ಸೋಪು ಹಚ್ಚಿ ತೊಳೆದ ಕೈಯಲ್ಲಿ. ಕೂರಿಸಿದ ಕೈ ತಾನೇ. ಅನುಭವಿಸಲಿ. ಹೀಗೆ ಯೋಚಿಸುತ್ತಿದ್ದವಳು ತಾನೇ ಎಂದು ಅವಳಿಗೆ ನಂಬಲಾಗಲಿಲ್ಲ, ಆದರೆ ಯೋಚನೆ ನಿಲ್ಲಲೂ ಇಲ್ಲ. ಅದರಲ್ಲಿ ಬಿಸಿ ನೀರಿಗೆ ಕಾಲಿಟ್ಟಂಥ ಸುಖವಿತ್ತು. ಇಷ್ಟರಲ್ಲಿ ಗಂಡ, ತಣ್ಣಗಿರುವ ಎಂಜಿನ್ನು ಬೇಗ ಹಿಡಿಯಲಿ ಎಂದು, ಎಲ್ಲ ಮೆಕ್ಯಾನಿಕರೂ ಮಾಡುವಂತೆ, ಕಾರ್ಬುರೇಟರಿನ ತೆರೆದ ಬಾಯಿಯ ಮೇಲೆ ಅಂಗೈ ಮುಚ್ಚಿದ. ಅವಳು ಅದನ್ನು ನೋಡಿದಳು. ನೋಡಲಿಲ್ಲ ಎಂದು ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ, ನೋಡಿದ್ದಳು. ಉಂಗುರದ ಬೆರಳಿನ ಬುಡದಲ್ಲಿ ವೆಲ್ಡಿಂಗಿನ ಹಳೆಯ ಕಲೆ ಕೂಡ ಕಂಡಿತ್ತು. ಕೈ ತೆಗೀರಿ, ಎಂದು ಕೂಗಲು ಬಾಯಿ ತೆರೆಯಿತು. ಮುಚ್ಚಿಕೊಂಡಿತು. ಬರೀ ಕೆಮ್ಮುತ್ತದೆ, ಅಷ್ಟೆ, ಎಂದುಕೊಂಡಳು.

ಸ್ಟಾರ್ಟರು ಎರಡು ಸುತ್ತು ನರಳಿತು. ಆಮೇಲೆ ಬಾಗಿಲು ಒದ್ದಂಥ ಸದ್ದು. ಕಾರ್ಬುರೇಟರಿನ ಬಾಯಿಂದ ಹಳದಿ ನಾಲಿಗೆಯೊಂದು ಅವನ ಬೆರಳುಗಳ ಸಂದಿಯಲ್ಲಿ ಹೊರಬಂದು ಒಳಹೋಯಿತು. ಅವನು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಸದ್ದಿಲ್ಲದೆ, ಬಗ್ಗಿದ. ಬ್ರೆಡ್ಡಿನವರ ಕೈಯಿಂದ ಲೋಟ ಬಿದ್ದು ಉರುಳುತ್ತ ಹೋಯಿತು.

ಭಾವ ಸೀಟಿನಿಂದ ಧುಮುಕಿದರು. ತಮ್ಮನ ಕೈ ನೋಡಿದರು, ಬ್ರೆಡ್ಡಿನವರ ಮುಖ ನೋಡಿದರು, ಆಮೇಲೆ ಬೆರಳೆತ್ತಿ ಅವಳನ್ನು ತೋರಿಸಿದರು. ಸೊನ್ನೆ ಬರೆದ ಅದೇ ಬೆರಳು.

"ಇವಳು! ಎಲ್ಲ ಇವಳೇ ಮಾಡಿದ್ದು! ಉಂಗುರ ತಿರುವಿದ್ದು ಇವಳು, ತೂತು ಕೊರೆದಿದ್ದು ಇವಳು, ಕೂರಿಸಿದ್ದು ಇವಳು! ನಾನು ಒಂದು ಬೋಲ್ಟೂ ಮುಟ್ಟಿಲ್ಲ ಸ್ವಾಮಿ, ಬೇಕಾದ್ರೆ ಕೇಳಿ!"

ಇಷ್ಟು ವರ್ಷ ಅವಳು ಕಾದದ್ದು ಇದೇ ವಾಕ್ಯಕ್ಕೆ, ಇದೇ ಬಾಯಿಂದ, ಹೊರಗಿನವರ ಮುಂದೆ. ಒಂದು ಅಕ್ಷರವೂ ಹೆಚ್ಚು ಕಡಿಮೆಯಾಗದೆ ಬಂದಿತ್ತು. ಬ್ರೆಡ್ಡಿನವರು ಅವಳ ಬೆರಳುಗಳನ್ನು ನೋಡಿದರು, ಉರುಳಿ ನಿಂತ ಲೋಟ ನೋಡಿದರು. ಅವರ ಮುಖದಲ್ಲಿ ಮೆಲ್ಲಗೆ ಬೇರೊಂದು ಬಣ್ಣ ಏರಿತು. ಹೊಗಳಿಕೆಗೆ ಅಂಗಳದ ಬಾವಿ, ಉಗಿತಕ್ಕೆ ಸೇದಿದ ಕೈ. ಬೈಯುವಾಗಲೇ ಭಾವನ ಕಣ್ಣಿಗೆ ಇವಳು ಬಿದ್ದದ್ದು. ಅಳು ಬರಬೇಕಿತ್ತು. ಬದಲಿಗೆ ಮೈಯಲ್ಲಿ ಎಲ್ಲೋ ಒಂದು ಗಂಟು ಸಡಿಲಿದಂತಾಯಿತು, ಆ ಸಡಿಲಕ್ಕೇ ಅವಳಿಗೆ ಹೇಸಿಗೆಯಾಯಿತು, ಏಕೆಂದರೆ ಎದುರಿಗೆ ಗಂಡ ಇನ್ನೂ ಬಗ್ಗಿ ನಿಂತಿದ್ದ.

"ಹೌದು," ಎಂದಳು. "ನಾನೇ ಮಾಡಿದ್ದು."

ಅವನನ್ನು ನಲ್ಲಿಯ ಬಳಿಗೆ ಕರೆದುಕೊಂಡು ಹೋಗಿ ಅಂಗೈಯನ್ನು ನೀರಿನ ಧಾರೆಗೆ ಹಿಡಿದಳು. ಚರ್ಮ ಕೆಂಪಗೆ ಉಬ್ಬುತ್ತಿತ್ತು. ಮಣಿಕಟ್ಟಿನ ಕೂದಲು ಸುಟ್ಟ ವಾಸನೆ. ಅವನ ಉಸಿರು ಹಲ್ಲಿನ ಸಂದಿಯಲ್ಲಿ ಬಂದು ಹೋಗುತ್ತಿತ್ತು. ಆದರೂ ನಗಿಸದೆ ಇರಲು ಅವನಿಗಾಗಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದ. "ಎಮ್ಮೆ ನಾನೇ ಅಂತ ಗೊತ್ತಿರಲಿಲ್ಲ."

ಅವಳು ನಗಲಿಲ್ಲ. ನೀರು ಬೀಳುತ್ತಿತ್ತು. ಅವನು ಅವಳ ಮುಖ ನೋಡುತ್ತಲೇ ಇದ್ದ. ನಗು ಇಳಿದ ಅವನ ಮುಖವನ್ನು ಅವಳು ಅಷ್ಟು ಹತ್ತಿರದಿಂದ ನೋಡಿ ಬಹಳ ದಿನಗಳಾಗಿದ್ದವು; ಕಪ್ಪು ಗಾಜು ತೆಗೆದ ಹಾಗಿತ್ತು.

"ಅಣ್ಣ ಸೀಟಲ್ಲಿ ಕೂತಾಗ ನೀನು ಬಾಯಿ ತೆರೆದೆ. ನಾನು ನೋಡ್ದೆ. ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಅವನು ನಂಬುತ್ತಿದ್ದ, ನಂಬಲು ಸಿದ್ಧನಾಗಿಯೇ ಕೇಳಿದ್ದ. ಅವನೇ ಬೇಕಾದರೆ ಆ ಇಲ್ಲ ಎಂಬುದನ್ನು ಬೇಯಿಸಿ ಮೆತ್ತಗೆ ಮಾಡಿಕೊಡುತ್ತಿದ್ದ. ಚಕ್ರ ನಂದು ಅಂದ ಬಾಯಲ್ಲಿ ಮೌನ ನಂದಲ್ಲ ಅನ್ನುವುದು ಹೇಗೆ? ಬೇಕಾದ್ದನ್ನು ತನ್ನದೆಂದು, ಬೇಡವಾದ್ದನ್ನು ಬೇರೆಯವರದೆಂದು ಬೆರಳು ತೋರಿಸುವ ವಿದ್ಯೆ ಆ ಶೆಡ್ಡಿನಲ್ಲಿ ಆಗಲೇ ಒಬ್ಬರಿಗೆ ಬರುತ್ತಿತ್ತು.

"ಗೊತ್ತಿತ್ತು," ಎಂದಳು. "ಕೊನೇ ಗಳಿಗೇಲಿ ಗೊತ್ತಾಯ್ತು. ಅವರ ಕೈಯಲ್ಲಿ ಆಗಲಿ ಅಂದ್ಕೊಂಡೆ. ನಿಮ್ಮ ಕೈ ಕಂಡಿತ್ತು."

ಅವನು ಅಂಗೈಯನ್ನು ಎಳೆದುಕೊಳ್ಳಲಿಲ್ಲ. ನೀರಿಗೆ ಹೇಳುವವನಂತೆ, "ಅಣ್ಣನಿಗೆ ನಾನು ಆ ಮಾತು ಹೇಳಲಿಲ್ಲ," ಎಂದ. "ಕೀಲಿ ಮಾತು. ಹೇಳೋಣಂತೆ ಅಂದೆನಲ್ಲ. ಹೇಳ್ಬಾರದು ಅಂತಲೇ ಅಂದಿದ್ದು." ಅದು ಕ್ಷಮೆಯಾಗಿರಲಿಲ್ಲ. ಒಂದು ತಕ್ಕಡಿಗೆ ಇನ್ನೊಂದು ಕಲ್ಲು ಹಾಕಿದ್ದೂ ಅಲ್ಲ. ಇಬ್ಬರ ಕೈಯ ಮೇಲೂ ಒಂದೇ ನೀರು ಬೀಳುತ್ತಿತ್ತು, ಅವಳ ಕೈಯ ಕಪ್ಪು ಮಾತ್ರ ಹೋಗಲಿಲ್ಲ.

ಒದ್ದೆ ಬಟ್ಟೆ ಸುತ್ತಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಅವಳು ವ್ಯಾನಿನ ಮುಂದೆ ಮತ್ತೆ ಮಂಡಿಯೂರಿದಳು. ಕೆಲಸ ಅಂಥದ್ದೇನೂ ಇರಲಿಲ್ಲ. ನಾಲ್ಕು ಬೋಲ್ಟು ಬಿಚ್ಚಿ, ಚಕ್ರವನ್ನು ಎರಡು ತೂತಿನಷ್ಟು, ಅರ್ಧ ಸುತ್ತು ಸರಿಸಿ, ಮತ್ತೆ ಬಿಗಿಯಬೇಕು. ಈ ಸಲ ಪುಲ್ಲಿಯನ್ನು ತಿರುಗಿಸುವಾಗ ಕಣ್ಣು ಮುಚ್ಚಿ, ತನ್ನ ಲೇತನ್ನು ಮರೆತು, ಎಡದಿಂದ ಮೇಲಕ್ಕೆ ಬಲಕ್ಕೆ ಎಂದು ಬಾಯಲ್ಲಿ ಹೇಳಿಕೊಂಡಳು. ಪಿಸ್ಟನ್ ಮೇಲ್ತುದಿಯಲ್ಲಿ ನಿಂತಿತು. ಇಲ್ಲದ ಹಲ್ಲು ಸೆನ್ಸರನ್ನು ದಾಟಿ ಕಾಲು ಸುತ್ತು ಮುಂದೆ ಹೋಗಿತ್ತು. ಬೆನ್ನ ಹಿಂದೆ ಭಾವ ಬ್ರೆಡ್ಡಿನವರಿಗೆ ದನಿ ತಗ್ಗಿಸಿ ಏನೋ ಹೇಳುತ್ತಿದ್ದರು, ಅವರು ಹೂಂಗುಡುತ್ತಿರಲಿಲ್ಲ.

"ಆಯ್ತಾ? ಸರಿಯಾಗಿ ನೋಡಿದ್ಯಾ?" ಭಾವ ಸೀಟಿನ ಕಡೆ ಹೆಜ್ಜೆಯಿಟ್ಟರು. ಅವರ ದನಿ ಆಗಲೇ ಯಜಮಾನಿಕೆಗೆ ಮರಳಿತ್ತು.

"ಭಾವ," ಎಂದಳು. "ಕೂರಿಸಿದ್ದು ಯಾರು ಅಂತ ಈಗ ನೀವೇ ಹೇಳಿದ್ರಿ."

"ಅದು... ಸಿಟ್ಟಲ್ಲಿ ಅಂದಿದ್ದಮ್ಮ."

"ಸಿಟ್ಟಲ್ಲಿ ಅಂದ್ರೂ ನಿಜಾನೇ ಅಂದ್ರಿ. ಇಳೀರಿ."

ಅವರಿನ್ನೂ ಹತ್ತಿರಲಿಲ್ಲ, ಒಂದು ಕಾಲು ಮಾತ್ರ ಮೆಟ್ಟಿಲ ಮೇಲಿತ್ತು. ಆ ಕಾಲನ್ನು ಏನು ಮಾಡಬೇಕೆಂದು ತಿಳಿಯದವರಂತೆ ನೋಡಿಕೊಂಡರು. ಬ್ರೆಡ್ಡಿನವರು, "ಕಟ್ಟಳೆ ಅಂದ್ರಲ್ಲ ಸ್ವಾಮಿ," ಎಂದರು, ಅಷ್ಟೆ. ಕಾಲು ಕೆಳಗೆ ಬಂತು.

ಸೀಟು ಅವಳಿಗೆ ದೂರವಾಗಿತ್ತು, ಪೆಡಲಿಗೆ ಕಾಲು ಎಟುಕಿಸಲು ಅಂಚಿಗೆ ಸರಿದು ಕೂತಳು. ಎತ್ತಿದ ಬಾನೆಟ್ಟು ಎದುರಿನ ಗಾಜನ್ನೆಲ್ಲ ಮುಚ್ಚಿತ್ತು; ಅದರ ಬುಡದ ಸಂದಿಯಲ್ಲಿ ಎಂಜಿನ್ನಿನ ಒಂದು ಪಟ್ಟಿ ಮಾತ್ರ ಕಾಣುತ್ತಿತ್ತು. ಕೀಲಿಗೆ ಕೈ ಹಾಕಿದಾಗ ಆ ಪಟ್ಟಿಯಲ್ಲಿ ಏನೋ ಅಲುಗಿತು. ಒಂದು ಅಂಗೈ ಬಂದು ಕಾರ್ಬುರೇಟರಿನ ಬಾಯಿಯನ್ನು ಮುಚ್ಚಿತು. ಗಂಡನದು, ಸುಟ್ಟಿರದ ಕೈ.

"ಕೈ ತೆಗೀರಿ!"

ಅವಳ ಕೂಗು ತಗಡಿನ ಮಾಡಿಗೆ ಬಡಿದು ವಾಪಸು ಬಂತು. ಆಗ ಗಂಟಲಲ್ಲಿ ನಿಂತಿದ್ದ ಮಾತು ಅದು, ತಡವಾಗಿ, ಮೂರು ಪಟ್ಟು ದೊಡ್ಡದಾಗಿ ಬಂದಿತ್ತು.

"ತಣ್ಣಗಿದೆ ಎಂಜಿನ್ನು. ಮುಚ್ಚದಿದ್ರೆ ಹಿಡಿಯೋದಿಲ್ಲ," ಅವನ ದನಿ ಬಾನೆಟ್ಟಿನ ಆಚೆಯಿಂದ ಬಂತು. ಮುಖ ಕಾಣುತ್ತಿರಲಿಲ್ಲ. "ಈಗ ಗೊತ್ತಿದೆಯಾ, ಇಲ್ವಾ?"

ಅವಳು ಕೀಲಿ ಬಿಟ್ಟು ಇಳಿದಳು. ವ್ಯಾನಿನ ಮುಂದೆ ಹೋಗಿ, ಯಾರ ಮುಖವನ್ನೂ ನೋಡದೆ, ಮಂಡಿಯೂರಿ, ನಾಲ್ಕು ಬೋಲ್ಟನ್ನೂ ಮತ್ತೊಮ್ಮೆ ಸ್ಪ್ಯಾನರಿನಲ್ಲಿ ಒತ್ತಿದಳು. ಹಲ್ಲುಗಳನ್ನು ಬೆರಳಿಟ್ಟು ಎಣಿಸಿದಳು, ದಿಕ್ಕು ನೋಡಿದಳು, ಮತ್ತೆ ಎಣಿಸಿದಳು. ಎಲ್ಲರೂ ಕಾದರು. ಅದಕ್ಕೆ ಮೊದಲು ಅವಳಿಗಾಗಿ ಆ ಶೆಡ್ಡಿನಲ್ಲಿ ಯಾರೂ ಕಾದಿರಲಿಲ್ಲ. ವಾಪಸು ಹತ್ತಿ ಕೂತಾಗ ಕೈ ಅಲ್ಲೇ ಇತ್ತು.

"ಗೊತ್ತಿದೆ," ಎಂದಳು.

"ಮತ್ತೇನು. ತಿರುಗಿಸು."

ತಿರುಗಿಸಿದಳು. ಸ್ಟಾರ್ಟರು ನರಳಿತು, ಒಮ್ಮೆ, ಮತ್ತೊಮ್ಮೆ. ಸಂದಿಯ ಪಟ್ಟಿಯಲ್ಲಿ ಬೆರಳುಗಳು ಬಿಳಿಚಿಕೊಂಡವು, ಒಳಗಿನ ಗಾಳಿ ಅವನ್ನು ಎಳೆಯುತ್ತಿತ್ತು, ಅವು ಸರಿಯಲಿಲ್ಲ. ಅವಳು ಕಣ್ಣು ಮುಚ್ಚಲಿಲ್ಲ. ಎಂಜಿನ್ನು ಹಿಡಿಯಿತು. ಸೀಟು, ಸ್ಟಿಯರಿಂಗು, ಅವಳ ಮೊಣಕಾಲು, ಎಲ್ಲ ಒಂದೇ ನಡುಕಕ್ಕೆ ಬಿದ್ದವು. ಅಂಗೈ ಮೆಲ್ಲಗೆ, ಮಲಗಿದ ಕೂಸಿನ ಎದೆಯಿಂದ ತೆಗೆಯುವ ಹಾಗೆ, ಮೇಲೆದ್ದಿತು. ಕಿಟಕಿಯ ಹೊರಗೆ ಭಾವನ ತುಟಿಗಳು ಏನೋ ಹೇಳುತ್ತಿದ್ದವು. ಸದ್ದಿನಲ್ಲಿ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಅವಳು ಎಂಜಿನ್ನು ಆರಿಸಲಿಲ್ಲ.